ಕೈಪಟ್ಟಿ ಮತ್ತು ಮೊಬೈಲ್: ಕಡಿದ ಕೊಂಡಿಯನ್ನು ಬೆಸೆಯುವ ಕ್ರಮ

ಶರೀರವನ್ನು ಹೀನವೆಂದು ಹಳಿಯದೆ, ಸಾಧನೆಗೂ ಕಾಯಕಕ್ಕೂ ಅದೇ ಆಧಾರವೆಂದು ಎತ್ತಿ ಹಿಡಿದವರು ನಮ್ಮ ಶರಣರು. ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಂದು ಅಂಗವೆಂಬ ಭಾವನೆ ನಮ್ಮ ಶ್ರೀಮಠದ ವಿದ್ಯಾಲಯದಲ್ಲಿ ಓದಿ ಬೆಳೆದವರಿಗೆ ಹೊಸದಲ್ಲ. ಹಿಂದೆ ವೈದ್ಯನು ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು ನಾಡಿಯನ್ನು ನೋಡುತ್ತಿದ್ದನು. ಇಂದು ಅದೇ ಮಣಿಕಟ್ಟಿನ ಮೇಲೆ ಒಂದು ಚಿಕ್ಕ ಯಂತ್ರವು ಕುಳಿತು ಹಗಲಿರುಳೂ ನಾಡಿಯನ್ನು ಎಣಿಸುತ್ತಿದೆ. ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ವಾಚ್ ಮುಂತಾದ ಹೆಸರುಗಳಿಂದ ಜನ ಕರೆಯುವ ಈ ಸಾಧನವನ್ನು ಇಲ್ಲಿ ಸರಳವಾಗಿ ಕೈಪಟ್ಟಿ ಎಂದು ಕರೆಯೋಣ. ನಡೆದ ಹೆಜ್ಜೆ, ಹೃದಯದ ಬಡಿತ, ನಿದ್ರೆಯ ಅವಧಿ ಇವುಗಳನ್ನು ದಾಖಲಿಸಿ ಅದು ಮೊಬೈಲ್ ಫೋನಿಗೆ ಒಪ್ಪಿಸುತ್ತದೆ. ಈ ಒಪ್ಪಿಸುವಿಕೆಗೆ ಬಳಕೆಯಲ್ಲಿ 'ಸಿಂಕ್' ಎಂದು ಹೆಸರು. ಅದು ನಿಂತುಹೋದಾಗ ಏನನ್ನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನನ್ನು ಮಾಡಬಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಇದಕ್ಕೆ ಕಾರಣ. ಎಪ್ಪತ್ತನ್ನು ದಾಟಿದ ನನ್ನ ಅಣ್ಣನವರಿಗೆ ಕೆಲವು ತಿಂಗಳುಗಳಿಂದ ನಡುರಾತ್ರಿಯಲ್ಲಿ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ ಎಚ್ಚರವಾಗುತ್ತಿತ್ತು. ಬೆಳಗ್ಗೆ ಆಸ್ಪತ್ರೆಗೆ ಹೋಗುವ ವೇಳೆಗೆ ಬಡಿತ ಸರಿಯಾಗಿರುತ್ತಿತ್ತು; ಇ.ಸಿ.ಜಿ. ತೆಗೆದರೂ ಏನೂ ಕಾಣುತ್ತಿರಲಿಲ್ಲ. ವೈದ್ಯರು ಅವರ ಕೈಪಟ್ಟಿಯನ್ನು ನೋಡಿ, "ಎರಡು ವಾರದ ರಾತ್ರಿಯ ದಾಖಲೆಯನ್ನು ತನ್ನಿರಿ, ಅದನ್ನು ನೋಡಿ ಮುಂದಿನದನ್ನು ನಿರ್ಧರಿಸೋಣ" ಎಂದರು. ಒಂಬತ್ತು ದಿನ ಎಲ್ಲವೂ ಸರಿಯಾಗಿ ನಡೆಯಿತು. ಆ ಹೊತ್ತಿಗೆ ಅವರ ಮಗ ಬೆಂಗಳೂರಿನಿಂದ ಬಂದು ತಂದೆಗೆ ಹೊಸ ಫೋನನ್ನು ಕೊಟ್ಟು, ಹಳೆಯದನ್ನು ಗೋಡೆಯ ಗೂಡಿನಲ್ಲಿಟ್ಟು ಹೋದನು. ಅಂದಿನಿಂದ ಫೋನಿಗೆ ಒಂದು ಅಂಕಿಯೂ ಬರಲಿಲ್ಲ. ಐದು ದಿನ ಇದನ್ನು ಯಾರೂ ಗಮನಿಸಲಿಲ್ಲ. ಆ ಐದು ದಿನಗಳಲ್ಲಿಯೇ ಎರಡು ರಾತ್ರಿ ಅಣ್ಣನವರಿಗೆ ಎದೆ ಬಡಿತ ಬಂದು ಹೋಗಿತ್ತು.

ವೈದ್ಯರ ಬಳಿಗೆ ಹೋಗುವ ಹಿಂದಿನ ಸಂಜೆ ಅವರು ನನ್ನನ್ನು ಕರೆಸಿದರು. ಬಹುಕಾಲ ವಿಜ್ಞಾನವನ್ನು ಬೋಧಿಸಿದವನೆಂಬ ಹಮ್ಮಿನಿಂದ ನಾನು ಅತ್ತಿತ್ತ ಒತ್ತಿ ನೋಡಿ, ಏನೂ ಸಾಗದಿರಲು, ಕೈಪಟ್ಟಿಯ ಪಟ್ಟಿಕೆಯ ಕೊನೆಯಲ್ಲಿದ್ದ 'ರೀಸೆಟ್' ಎಂಬುದನ್ನು ಒತ್ತಿಬಿಟ್ಟೆನು. ಕೈಪಟ್ಟಿ ಕೂಡಲೇ ಹೊಸ ಫೋನಿನೊಡನೆ ಕೂಡಿತು. ಆದರೆ ಅದರೊಳಗೆ ಇದ್ದುದೆಲ್ಲವೂ ಅಳಿಸಿಹೋಗಿತ್ತು. ಅಣ್ಣನವರು ಬರಿದಾದ ಪರದೆಯನ್ನು ನೋಡಿ, "ಆ ಎರಡು ರಾತ್ರಿ ಎಲ್ಲಿ ಹೋದವೋ ತಮ್ಮಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಯಂತ್ರ ಯಾವ ಸಂಸ್ಥೆಯದೆಂಬುದು ಇಲ್ಲಿ ಅಪ್ರಸ್ತುತ. ತಪ್ಪು ಯಂತ್ರದ್ದಲ್ಲ, ನನ್ನದು.

ದಾಖಲೆ ಸಾಗುವ ದಾರಿ

ಕೈಪಟ್ಟಿಯಲ್ಲಿ ಕಂಡ ಅಂಕಿ ಫೋನಿನಲ್ಲಿ ಕಾಣಬೇಕಾದರೆ ಅದು ನಾಲ್ಕು ಹಂತಗಳನ್ನು ದಾಟಬೇಕು. ದೋಷವು ಯಾವ ಹಂತದಲ್ಲಿದೆ ಎಂಬುದನ್ನು ಅರಿಯದೆ ಪರಿಹಾರಕ್ಕೆ ಕೈಹಾಕುವುದು ರೋಗವನ್ನರಿಯದೆ ಮದ್ದು ಕೊಟ್ಟಂತೆ.

ಮೊದಲನೆಯದು ಅಳೆಯುವ ಹಂತ. ಕೈಪಟ್ಟಿಯ ತಳದಲ್ಲಿ ಮಿನುಗುವ ಹಸಿರು ದೀಪಗಳು ಚರ್ಮದ ಮೇಲೆ ಬೆಳಕನ್ನು ಚೆಲ್ಲುತ್ತವೆ. ರಕ್ತವು ಹಸಿರು ಬೆಳಕನ್ನು ಹೀರುತ್ತದೆ. ಹೃದಯದ ಪ್ರತಿಯೊಂದು ಬಡಿತಕ್ಕೂ ಮಣಿಕಟ್ಟಿನ ರಕ್ತದ ಪ್ರಮಾಣ ಏರಿಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತವನ್ನೆಣಿಸಿದರೆ ಬಡಿತದ ಸಂಖ್ಯೆ ದೊರೆಯುತ್ತದೆ. ಹೆಜ್ಜೆಗಳನ್ನು ಎಣಿಸುವುದು ಕೈಯ ಚಲನೆಯನ್ನು ಗುರುತಿಸುವ ಬೇರೊಂದು ಸಂವೇದಕ.

ಎರಡನೆಯದು ಕೈಪಟ್ಟಿಯ ಸ್ವಂತ ನೆನಪು. ಫೋನು ಹತ್ತಿರವಿಲ್ಲದಿದ್ದರೂ ಕೈಪಟ್ಟಿ ತನ್ನ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಈ ನೆನಪಿಗೆ ಮಿತಿಯುಂಟು. ಉದಾಹರಣೆಗೆ, ಫಿಟ್‌ಬಿಟ್ ಹೆಸರಿನ ಕೈಪಟ್ಟಿಗಳಲ್ಲಿ ಹೆಚ್ಚಿನವು ನಿಮಿಷ ನಿಮಿಷದ ವಿವರವನ್ನು 7 ದಿನಗಳವರೆಗೆ, ದಿನದ ಒಟ್ಟು ಮೊತ್ತವನ್ನು 30 ದಿನಗಳವರೆಗೆ ಇಟ್ಟುಕೊಳ್ಳುತ್ತವೆ. ಬೇರೆ ತಯಾರಿಕೆಗಳಲ್ಲಿ ಈ ಅವಧಿ ಹೆಚ್ಚುಕಡಿಮೆಯಾಗಿರುತ್ತದೆ. ಮಿತಿಯನ್ನು ದಾಟಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ.

ಮೂರನೆಯದು ಕೈಪಟ್ಟಿಯಿಂದ ಫೋನಿನ ಆ್ಯಪ್‌ಗೆ ದಾಖಲೆ ಹರಿಯುವ ಹಂತ. ಇದು ಬ್ಲೂಟೂತ್ ಎಂಬ ರೇಡಿಯೋ ಅಲೆಗಳ ಮೂಲಕ ನಡೆಯುತ್ತದೆ. ನಾಲ್ಕನೆಯದು ಆ್ಯಪ್‌ನಿಂದ ಅಂತರಜಾಲದ ಮೂಲಕ ತಯಾರಕರ ಗಣಕಕ್ಕೆ ತಲುಪುವ ಹಂತ. ಸಿಂಕ್ ನಿಂತಿತೆಂದು ಜನ ದೂರುವಾಗ ಸಾಮಾನ್ಯವಾಗಿ ಕಡಿದಿರುವುದು ಮೂರನೆಯ ಅಥವಾ ನಾಲ್ಕನೆಯ ಕೊಂಡಿ. ಮೊದಲೆರಡು ಹಂತಗಳು ಸದ್ದಿಲ್ಲದೆ ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಅಂದರೆ, ಫೋನಿನ ಪರದೆ ಬರಿದಾಗಿದ್ದರೂ ಕೈಪಟ್ಟಿಯೊಳಗೆ ದಾಖಲೆ ಸುರಕ್ಷಿತವಾಗಿ ಕಾದು ಕುಳಿತಿರುತ್ತದೆ. ಇಡೀ ಲೇಖನದಲ್ಲಿ ಓದುಗರು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಈ ತಿಳಿವಳಿಕೆ ಅಂದು ನನಗಿದ್ದಿದ್ದರೆ ಆ ಎರಡು ರಾತ್ರಿಗಳ ದಾಖಲೆ ಉಳಿಯುತ್ತಿತ್ತು.

ಬ್ಲೂಟೂತಿನ ಬಾಂಧವ್ಯ

ಬ್ಲೂಟೂತ್ ಎಂಬುದು 10ನೆಯ ಶತಮಾನದ ಡೆನ್ಮಾರ್ಕಿನ ಅರಸು ಹೆರಾಲ್ಡನ ಉಪನಾಮ. ಚದುರಿದ ಜನರನ್ನು ಒಂದುಗೂಡಿಸಿದವನೆಂದು ಆತನಿಗೆ ಹೆಸರು. ಬೇರೆ ಬೇರೆ ಯಂತ್ರಗಳನ್ನು ಕೂಡಿಸುವ ಈ ತಂತ್ರಕ್ಕೆ ಅದೇ ಹೆಸರನ್ನಿಟ್ಟರು. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾದ ಕೆಲಸವು 1998ರಲ್ಲಿ ಹಲವು ಸಂಸ್ಥೆಗಳ ಕೂಟವಾಗಿ ಬೆಳೆಯಿತು. 2010ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಅತ್ಯಲ್ಪ ವಿದ್ಯುತ್ತಿನಿಂದ ನಡೆಯುವ ಒಂದು ಬಗೆಯನ್ನು ಸೇರಿಸಲಾಯಿತು. ಒಮ್ಮೆ ಚಾರ್ಜ್ ಮಾಡಿದ ಕೈಪಟ್ಟಿ ಹಲವು ದಿನ ನಡೆಯುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಇದರ ಕ್ರಮ ಸ್ವಾರಸ್ಯವಾದುದು. ಯಾರೊಡನೆಯೂ ಕೂಡಿಕೊಂಡಿರದ ಕೈಪಟ್ಟಿಯು "ನಾನಿಲ್ಲಿರುವೆನು" ಎಂದು ಆಗಾಗ್ಗೆ ರೇಡಿಯೋ ಸಂಕೇತದ ಮೂಲಕ ಸಾರುತ್ತಿರುತ್ತದೆ. ಇದಕ್ಕಿರುವ 40 ವಾಹಿನಿಗಳಲ್ಲಿ 3 ಇಂತಹ ಸಾರುವಿಕೆಗೇ ಮೀಸಲು. ಫೋನು ಆ ಕರೆಯನ್ನು ಕೇಳಿ ಉತ್ತರ ಕೊಟ್ಟಾಗ ಎರಡೂ ಕೂಡುತ್ತವೆ. ಮೊದಲ ಬಾರಿ ಕೂಡುವಾಗ ಒಂದು ಗುಪ್ತ ಸಂಖ್ಯೆಯನ್ನು ಏರ್ಪಡಿಸಿಕೊಂಡು ಎರಡೂ ತಮ್ಮ ತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಮುಂದಿನ ಭೇಟಿಗಳಲ್ಲಿ ಆ ಸಂಖ್ಯೆಯೇ ಗುರುತು. ಒಮ್ಮೆ ಒಂದು ಫೋನಿನೊಡನೆ ಕೂಡಿದ ಮೇಲೆ ಸಾಮಾನ್ಯವಾಗಿ ಕೈಪಟ್ಟಿ ಸಾರುವುದನ್ನು ನಿಲ್ಲಿಸುತ್ತದೆ. ಆಗ ಪಕ್ಕದಲ್ಲಿಯೇ ಇರುವ ಮತ್ತೊಂದು ಫೋನಿಗೂ ಅದು ಇರುವುದೇ ತಿಳಿಯದು.

ಅಣ್ಣನವರ ಮನೆಯಲ್ಲಿ ನಡೆದುದು ಇದೇ. ಮಗನು ಹಳೆಯ ಫೋನಿನ ಆ್ಯಪ್‌ನಲ್ಲಿ ಖಾತೆಯನ್ನು ಮುಚ್ಚಿ, ಸಿಮ್ ತೆಗೆದಿದ್ದನು. ಆದರೆ ಬ್ಲೂಟೂತಿನ ಜೋಡಣೆಯನ್ನು ಬಿಡಿಸಿರಲಿಲ್ಲ. ಗೂಡಿನಲ್ಲಿದ್ದ ಆ ಫೋನು ಚಾರ್ಜರಿಗೆ ಸಿಕ್ಕಿಸಿದಂತೆಯೇ ಇದ್ದು ಕೈಪಟ್ಟಿಯನ್ನು ಬಿಡದೆ ಹಿಡಿದಿತ್ತು. ದಾಖಲೆಯನ್ನು ತಾನೂ ಪಡೆಯಲಿಲ್ಲ, ಹೊಸ ಫೋನಿಗೂ ಪಡೆಯಗೊಡಲಿಲ್ಲ. ಹಳೆಯ ಫೋನಿನ ಬ್ಲೂಟೂತನ್ನು ಆರಿಸಿದ್ದರೆ ಸಾಕಾಗಿತ್ತು. ರೀಸೆಟ್ ಮಾಡಿದ ಮರುದಿನವಷ್ಟೇ ಇದು ನನಗೆ ತಿಳಿದುಬಂದಿತು.

ಪರಿಹಾರದ ಮೆಟ್ಟಿಲುಗಳು

ಪರಿಹಾರಗಳನ್ನು ಹಗುರವಾದುದರಿಂದ ಕಠಿಣವಾದುದರ ಕಡೆಗೆ, ಒಂದೊಂದೇ ಮೆಟ್ಟಿಲಾಗಿ ಏರಬೇಕು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿಂತು, ಆ್ಯಪ್ ತೆರೆದು, ಕೆಲವು ನಿಮಿಷ ಕಾದು ನೋಡಬೇಕು. ಹಲವು ದಿನಗಳ ದಾಖಲೆ ಉಳಿದಿದ್ದರೆ ಅದು ಹರಿದು ಬರಲು ಸಮಯ ಬೇಕಾಗುತ್ತದೆ. ಅವಸರದಿಂದ ನಡುವೆ ಕಡಿಯಬಾರದು.

ಮೊದಲು ಕೈಪಟ್ಟಿಯ ಪರದೆಯನ್ನೇ ನೋಡಬೇಕು. ಅದರಲ್ಲಿ ಇಂದಿನ ಹೆಜ್ಜೆಗಳೂ ಬಡಿತವೂ ಕಾಣುತ್ತಿದ್ದರೆ ಅಳೆಯುವ ಕೆಲಸ ಸರಿಯಾಗಿದೆ ಎಂದರ್ಥ. ಕಂಡ ಅಂಕಿಗಳನ್ನು ದಿನಾಂಕ ಸಹಿತ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅನಂತರ ಕೈಪಟ್ಟಿಯನ್ನೂ ಫೋನನ್ನೂ ಚೆನ್ನಾಗಿ ಚಾರ್ಜ್ ಮಾಡಿ ಅಕ್ಕಪಕ್ಕದಲ್ಲಿಡಬೇಕು. ಬ್ಲೂಟೂತಿನ ಅಲೆಗಳನ್ನು ನೀರು ಹೀರುತ್ತದೆ. ನಮ್ಮ ದೇಹದ ಬಹುಭಾಗ ನೀರೇ ಆಗಿರುವುದರಿಂದ ದೇಹವೇ ಕೆಲವೊಮ್ಮೆ ಅಡ್ಡಗೋಡೆಯಾಗುತ್ತದೆ. ವೈಫೈ ಯಂತ್ರಗಳೂ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸುವುದರಿಂದ ಅವುಗಳಿಂದ ತುಸು ದೂರವಿರುವುದು ಲೇಸು.

ಎರಡನೆಯದಾಗಿ, ಮನೆಯಲ್ಲಿ ಈ ಹಿಂದೆ ಅದೇ ಕೈಪಟ್ಟಿಗೆ ಜೋಡಿಸಿದ್ದ ಬೇರೆ ಫೋನು ಅಥವಾ ಟ್ಯಾಬ್ಲೆಟ್ ಉಂಟೇ ಎಂದು ವಿಚಾರಿಸಬೇಕು. ಇದ್ದರೆ ಅವುಗಳ ಬ್ಲೂಟೂತನ್ನು ಆರಿಸಬೇಕು.

ಮೂರನೆಯದಾಗಿ, ಫೋನಿನ ಬ್ಲೂಟೂತನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಬೇಕು. ಐಫೋನ್ ಬಳಸುವವರಿಗೆ ಇಲ್ಲಿ ಒಂದು ಸೂಕ್ಷ್ಮವುಂಟು. ಪರದೆಯ ಅಂಚಿನಿಂದ ಎಳೆದಾಗ ಕಾಣುವ ಗುಂಡಿಯಿಂದ ಬ್ಲೂಟೂತನ್ನು ಆರಿಸಿದರೆ ಅದು ಪೂರ್ತಿಯಾಗಿ ಆರುವುದಿಲ್ಲ. ಹೊರಗಿನ ಸಾಧನಗಳ ಸಂಪರ್ಕವನ್ನು ಮರುದಿನ ಬೆಳಗಿನವರೆಗೆ ಬಿಡುತ್ತದೆ, ಅಷ್ಟೆ. 2017ರಿಂದ ಈ ಏರ್ಪಾಡು ಬಂದಿದೆ. ಪೂರ್ತಿ ಆರಿಸಬೇಕಾದರೆ ಸೆಟ್ಟಿಂಗ್ಸ್‌ನೊಳಗೇ ಹೋಗಬೇಕು.

ನಾಲ್ಕನೆಯದು ಅನುಮತಿಗಳ ಪರಿಶೀಲನೆ. ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ತಾನಾಗಿ ಬ್ಲೂಟೂತನ್ನು ಬಳಸುವಂತಿಲ್ಲ. ಒಡೆಯನ ಒಪ್ಪಿಗೆ ಬೇಕು. 2021ರ ಹನ್ನೆರಡನೆಯ ಆವೃತ್ತಿಯಿಂದ ಇದಕ್ಕೆ 'ನಿಯರ್‌ಬೈ ಡಿವೈಸಸ್', ಅಂದರೆ ಸಮೀಪದ ಸಾಧನಗಳು, ಎಂಬ ಪ್ರತ್ಯೇಕ ಅನುಮತಿ ಇದೆ. ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸಮೀಪದ ಸಾಧನವನ್ನು ಹುಡುಕಲು 'ಲೊಕೇಶನ್' ಅನುಮತಿಯೇ ಬೇಕಾಗಿತ್ತು. ಹೊಸ ಫೋನಿನಲ್ಲಿ ಸಾಲು ಸಾಲಾಗಿ ಪ್ರಶ್ನೆಗಳು ಬಂದಾಗ ಹಿರಿಯರು ಭಯದಿಂದ ಎಲ್ಲಕ್ಕೂ 'ಬೇಡ' ಎಂದು ಒತ್ತುವುದು ಸಹಜ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರನ್ನು ತೆರೆದು ಅನುಮತಿಗಳನ್ನು ನೋಡಿದರೆ ತಿಳಿಯುತ್ತದೆ.

ಐದನೆಯದು ವಿದ್ಯುತ್ ಮಿತವ್ಯಯದ ಏರ್ಪಾಡು. ಬ್ಯಾಟರಿ ಉಳಿಸುವ ಸಲುವಾಗಿ ಫೋನು, ಕಣ್ಣೆದುರಿಗೆ ಇಲ್ಲದ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ. ಆ್ಯಪ್ ತೆರೆದಾಗ ಮಾತ್ರ ದಾಖಲೆ ಬಂದು, ಮುಚ್ಚಿದೊಡನೆ ನಿಲ್ಲುತ್ತಿದ್ದರೆ ಇದೇ ಕಾರಣವೆಂದು ಶಂಕಿಸಬಹುದು. ಆ ಆ್ಯಪ್‌ನ ಬ್ಯಾಟರಿ ವಿಭಾಗದಲ್ಲಿ ನಿರ್ಬಂಧವನ್ನು ತೆಗೆದುಹಾಕಬೇಕು. ಕೆಲವು ಫೋನುಗಳಲ್ಲಿ 'ಆಟೋಸ್ಟಾರ್ಟ್' ಎಂಬುದನ್ನೂ ಹಚ್ಚಬೇಕಾಗುತ್ತದೆ. ಅಂತೆಯೇ, ತೆರೆದ ಆ್ಯಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸವನ್ನು ಈ ಒಂದು ಆ್ಯಪ್‌ನ ಮಟ್ಟಿಗೆ ಬಿಡಬೇಕು.

ಆರನೆಯದಾಗಿ, ಫೋನನ್ನೂ ಕೈಪಟ್ಟಿಯನ್ನೂ ಆರಿಸಿ ಹಚ್ಚಬೇಕು. ಇದಕ್ಕೆ 'ರೀಸ್ಟಾರ್ಟ್' ಎಂದು ಹೆಸರು. 'ರೀಸ್ಟಾರ್ಟ್' ಬೇರೆ, 'ರೀಸೆಟ್' ಬೇರೆ. ಮೊದಲನೆಯದು ಮಲಗಿ ಎದ್ದಂತೆ; ನೆನಪು ಉಳಿಯುತ್ತದೆ. ಎರಡನೆಯದು ಮರುಹುಟ್ಟು ಪಡೆದಂತೆ, ಹಿಂದಿನದೇನೂ ಉಳಿಯುವುದಿಲ್ಲ. ಪಟ್ಟಿಕೆಯಲ್ಲಿ ಇವೆರಡೂ ಕೆಲವೊಮ್ಮೆ ಒಂದರ ಕೆಳಗೊಂದು ಇರುವುದರಿಂದ ಕನ್ನಡಕ ಹಾಕಿಕೊಂಡು ಓದಿಯೇ ಒತ್ತಬೇಕು.

ಏಳನೆಯದಾಗಿ, ಅಂತರಜಾಲ, ಖಾತೆ ಮತ್ತು ಗಡಿಯಾರಗಳನ್ನು ಪರೀಕ್ಷಿಸಬೇಕು. ಫೋನಿನಲ್ಲಿ ಅಂತರಜಾಲವಿಲ್ಲದಿದ್ದರೆ ಕೆಲವು ಆ್ಯಪ್‌ಗಳು ದಾಖಲೆಯನ್ನು ತೋರಿಸುವುದೇ ಇಲ್ಲ. ಬೇರೊಂದು ಇಮೇಲ್ ವಿಳಾಸದಿಂದ ಹೊಸ ಖಾತೆ ತೆರೆದಿದ್ದರೆ ಹಳೆಯ ದಾಖಲೆ ಹಳೆಯ ಖಾತೆಯಲ್ಲಿಯೇ ಇರುತ್ತದೆ, ಅಳಿದುಹೋಯಿತೆಂದು ಗಾಬರಿಯಾಗಬೇಕಿಲ್ಲ. ಕೈಪಟ್ಟಿಯ ಗಡಿಯಾರ ಫೋನಿನ ಗಡಿಯಾರವನ್ನು ಅನುಸರಿಸುವುದರಿಂದ, ಫೋನಿನ ದಿನಾಂಕ ತಪ್ಪಾಗಿದ್ದರೆ ಇಂದಿನ ಲೆಕ್ಕ ಮತ್ತೊಂದು ದಿನದ ಪುಟಕ್ಕೆ ಸೇರಿಬಿಡಬಹುದು.

ಇಷ್ಟಾದರೂ ಸಾಗದಿದ್ದರೆ ಎಂಟನೆಯ ಮೆಟ್ಟಿಲು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕೈಪಟ್ಟಿಯ ಹೆಸರಿನ ಪಕ್ಕದ 'ಫರ್ಗೆಟ್' ಅಥವಾ 'ಅನ್‌ಪೇರ್' ಎಂಬುದನ್ನು ಒತ್ತಿ, ಫೋನನ್ನು ಮತ್ತೆ ಹಚ್ಚಿ, ಆ್ಯಪ್ ಮೂಲಕವೇ ಜೋಡಿಸಬೇಕು. ಒಂದರಲ್ಲಿ ಗುಪ್ತ ಸಂಖ್ಯೆ ಅಳಿದು ಮತ್ತೊಂದರಲ್ಲಿ ಹಳೆಯದೇ ಉಳಿದಾಗ ಎರಡೂ ಒಂದನ್ನೊಂದು ಗುರುತಿಸದೆ ಹೋಗುತ್ತವೆ. ಹೊಸದಾಗಿ ಜೋಡಿಸಿದರೆ ಆ ತೊಡಕು ಬಿಡುತ್ತದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಬ್ಲೂಟೂತ್ ಪಟ್ಟಿಯಿಂದ ಬಿಡಿಸುವುದು ಒಂದು, ಆ್ಯಪ್‌ನೊಳಗಿನಿಂದ ಸಾಧನವನ್ನು ತೆಗೆದುಹಾಕುವುದು ಮತ್ತೊಂದು. ಎರಡನೆಯದನ್ನು ಮಾಡಿದಾಗ ಕೆಲವು ಕೈಪಟ್ಟಿಗಳು ತಮ್ಮ ನೆನಪನ್ನು ಅಳಿಸಿಕೊಳ್ಳುತ್ತವೆ.

ರೀಸೆಟ್ ಎಂಬುದು ಕೊಟ್ಟಕೊನೆಯ ಮೆಟ್ಟಿಲು. ಕೈಪಟ್ಟಿಯೊಳಗಿನ ದಾಖಲೆ ಬೇಡವೆಂದು ನಿಶ್ಚಯಿಸಿದ ಮೇಲೆಯೇ ಅದರ ಮೇಲೆ ಕಾಲಿಡಬೇಕು.

ಮುಂಜಾಗ್ರತೆ

ರೋಗ ಬಂದ ಮೇಲಿನ ಮದ್ದಿಗಿಂತ ಬಾರದಂತಿರುವ ಪಥ್ಯ ಮೇಲು. ದಿನಕ್ಕೊಮ್ಮೆ, ರಾತ್ರಿಯ ಪ್ರಸಾದದ ಅನಂತರವೋ ಬೆಳಗಿನ ಲಿಂಗಪೂಜೆಯ ಅನಂತರವೋ, ಆ್ಯಪ್ ತೆರೆದು ಕೊನೆಯ ಸಿಂಕ್ ಎಂದು ಆಯಿತೆಂಬುದನ್ನು ನೋಡುವ ನಿಯಮವನ್ನಿಟ್ಟುಕೊಳ್ಳಬೇಕು. ಆಗ ಕೊಂಡಿ ಕಡಿದ ಸಂಗತಿ ಐದು ದಿನ ಮರೆಯಾಗಿರದು. ಹೊಸ ಫೋನಿಗೆ ಹೋಗುವಾಗಲಂತೂ ಕ್ರಮ ತಪ್ಪಬಾರದು. ಹಳೆಯ ಫೋನಿನಲ್ಲಿ ಅಂತರಜಾಲವಿರುವಾಗಲೇ ಕೊನೆಯ ಸಲ ಸಿಂಕ್ ಮಾಡಬೇಕು. ಖಾತೆಯ ಇಮೇಲ್ ವಿಳಾಸವನ್ನೂ ಪ್ರವೇಶಪದವನ್ನೂ ಬರೆದು ಭದ್ರವಾಗಿಟ್ಟುಕೊಳ್ಳಬೇಕು. ಹಳೆಯ ಫೋನಿನಿಂದ ಜೋಡಣೆಯನ್ನು ಬಿಡಿಸಿ ಅದರ ಬ್ಲೂಟೂತನ್ನು ಆರಿಸಬೇಕು. ಆ ಬಳಿಕ ಹೊಸ ಫೋನಿನಲ್ಲಿ ಅದೇ ಖಾತೆಯನ್ನು ತೆರೆದು ಜೋಡಿಸಬೇಕು.

ಇದರೊಡನೆ ಮತ್ತೊಂದು ಮಾತನ್ನೂ ಹೇಳಬೇಕು. ಕೈಪಟ್ಟಿ ವೈದ್ಯನಲ್ಲ. ಪಟ್ಟಿ ಸಡಿಲವಾಗಿದ್ದರೆ, ಕೈ ಅಲುಗುತ್ತಿದ್ದರೆ, ಚಳಿಯಿಂದ ರಕ್ತಸಂಚಾರ ಕುಗ್ಗಿದ್ದರೆ ಅದರ ಎಣಿಕೆ ತಪ್ಪಬಹುದು. ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತು ಕಂಡಾಗ ಸಿಂಕ್ ಆಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕೈಪಟ್ಟಿ ಮಾಡಬಲ್ಲುದು ಇಷ್ಟೇ: ವೈದ್ಯರ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಏನೋ ನಡೆಯಿತೆಂಬ ಸುಳಿವನ್ನು ಅದು ಅವರಿಗೆ ಮುಟ್ಟಿಸಬಲ್ಲುದು.

ಅಣ್ಣನವರ ವಿಷಯದಲ್ಲಿ ನಡೆದುದೂ ಅದೇ. ದಾಖಲೆ ಬರಿದಾಗಿದ್ದುದರಿಂದ ವೈದ್ಯರು ಮತ್ತೆ ಎರಡು ವಾರ ಕಾಯಬೇಕಾಯಿತು. ಆ ಎರಡು ವಾರ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ನಿದ್ರಿಸಲಿಲ್ಲ. ಅತ್ತಿಗೆಯವರು ಪ್ರತಿರಾತ್ರಿಯೂ ಎದ್ದು ಅವರ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಹನ್ನೊಂದನೆಯ ರಾತ್ರಿ ಬಡಿತ ಏರಿದುದು ಕೈಪಟ್ಟಿಯಲ್ಲಿ ದಾಖಲಾಗಿ, ಬೆಳಗಾಗುವಷ್ಟರಲ್ಲಿ ಫೋನಿಗೆ ಬಂದಿತ್ತು. ಅದನ್ನು ನೋಡಿದ ವೈದ್ಯರು ಹೋಲ್ಟರ್ ಎಂಬ ಯಂತ್ರವನ್ನು ಎದೆಗೆ ಅಳವಡಿಸಿ 24 ಗಂಟೆಗಳ ಇ.ಸಿ.ಜಿ. ತೆಗೆಸಿದರು, ದೋಷ ತಿಳಿಯಿತು, ಚಿಕಿತ್ಸೆ ನಡೆಯಿತು. ಈಗ ಅವರು ಆರೋಗ್ಯದಿಂದಿದ್ದಾರೆ. ಆದರೂ ಮೊದಲೇ ತಿಳಿಯಬಹುದಾಗಿದ್ದುದು ನನ್ನ ಅವಸರದಿಂದ ತಡವಾಯಿತೆಂಬ ಅಳುಕು ನನ್ನಿಂದ ದೂರವಾಗಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ನೀವು ಈ ಯಂತ್ರಗಳ ನಡುವೆಯೇ ಹುಟ್ಟಿ ಬೆಳೆದವರು. ನಿಮಗೆ ಕ್ಷಣದ ಕೆಲಸವಾಗಿರುವುದು ನಿಮ್ಮ ಅಜ್ಜ ಅಜ್ಜಿಯರಿಗೆ ಬೆಟ್ಟದಷ್ಟು ಕಷ್ಟ. ರಜೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಕುಳಿತು, ಅವರ ಕೈಯಿಂದ ಫೋನನ್ನು ಕಸಿದುಕೊಳ್ಳದೆ, ಅವರ ಬೆರಳಿನಿಂದಲೇ ಒತ್ತಿಸಿ ಈ ಮೆಟ್ಟಿಲುಗಳನ್ನು ಕಲಿಸಿಕೊಡಿರಿ. ಅನ್ನದಾಸೋಹ, ಜ್ಞಾನದಾಸೋಹಗಳಿಗೆ ಹೆಸರಾದ ಶ್ರೀಮಠದ ಮಕ್ಕಳಿಗೆ ಇದೂ ಒಂದು ದಾಸೋಹವೇ. ಅರ್ಧಗಂಟೆಯ ಆ ತಾಳ್ಮೆಯಿಂದ ಯಾರೋ ಒಬ್ಬ ಹಿರಿಯರ ಒಂದು ರಾತ್ರಿಯ ದಾಖಲೆ ಉಳಿದು ವೈದ್ಯರ ಕೈಸೇರಿದರೆ, ಈ ಲೇಖನವನ್ನು ಬರೆದ ಶ್ರಮ ಸಾರ್ಥಕವಾಯಿತೆಂದು ಭಾವಿಸುವೆನು.